ಸಯಾಮಿನ ಒಂದು ಕಡಲಸೀಮೆ

ಇಂದು ನಾವು ಹೇಳಹೊರಟಿರುವ ಸೀಮೆಯ ಹೆಸರು ಪ್ರಚುವಾಪ್ ಖಿರಿಖಾನ್. ಹೆಸರನ್ನು ಕೇಳಿ ನಾಲಗೆ ತೊಡರಿದರೆ ಗಾಬರಿಪಡಬೇಕಾದುದಿಲ್ಲ. ಅದರ ಮೂರು ಪಾಲಿನಲ್ಲಿ ಎರಡು ಪಾಲು ನಮಗೆ ಪರಿಚಯದ ಮಾತೇ. ‘ಖಿರಿ’ ಎಂಬುದು ನಮ್ಮ ಗಿರಿ. ‘ಖಾನ್’ ಎಂಬುದು ಪಾಳಿಯ ಖಂಧ, ಎಂದರೆ ಸಂಸ್ಕೃತದ ಸ್ಕಂಧ, ಸಮೂಹವೆಂದು ಅರ್ಥ. ಮೊದಲಿನ ಶಬ್ದವೊಂದೇ ಆ ನಾಡಿನದು. ಕೂಡುವುದು, ಸಂಧಿಸುವುದು ಎಂದು ಅದರ ಭಾವ. ಗಿರಿಗಳ ಹಿಂಡು ಬಂದು ಕೂಡಿದ ಠಾವು ಎಂದು ಸ್ಥೂಲವಾಗಿ ಹೇಳಿಕೊಳ್ಳಬಹುದು. ಈ ಹೆಸರನ್ನು ೧೮೫೫ರಲ್ಲಿ ಇಟ್ಟವರು ಸಯಾಮಿನ ದೊರೆ ಮೊಂಗ್‌ಕುಟ್. ಅವರ ಹೆಸರೂ ನಮ್ಮ ‘ಮಕುಟ’ವೇ. ಕೊಲ್ಲಿಯ ಆಚೆಯ ದಡದಲ್ಲಿ, ಹೆಚ್ಚುಕಡಮೆ ಇದೇ ಅಕ್ಷಾಂಶದಲ್ಲಿದ್ದ ಇನ್ನೊಂದು ಸೀಮೆಗೆ ಅವರು ಪಚ್ಚನ್ ಖಿರಿಖೇತ್, ಎಂದರೆ ಪ್ರತ್ಯಂತಗಿರಿಕ್ಷೇತ್ರವೆಂದು ಜೋಡಿಯ ಹೆಸರನ್ನು ಕೊಟ್ಟರು. ಆ ಸೀಮೆ ಈಗ ಕಾಂಬೋಡಿಯಕ್ಕೆ ಸೇರಿ ಕೋ ಕಾಂಗ್ ಎನಿಸಿಕೊಂಡಿದೆ. ಜೋಡಿಯಲ್ಲಿ ಒಂದು ಹೆಸರು ಮಾತ್ರ ಉಳಿಯಿತು.

ಈಗ ಥಾಯ್ಲೆಂಡ್ ಎಂದು ಕರೆಯಲ್ಪಡುವ ಸಯಾಂ ದೇಶದ ಭೂಪಟವನ್ನು ನೋಡಿದವರಿಗೆ ಅದು ಆನೆಯ ತಲೆಯಂತೆಯೂ, ದಕ್ಷಿಣಕ್ಕೆ ಇಳಿದ ಭಾಗ ಸೊಂಡಿಲಿನಂತೆಯೂ ಕಾಣುವುದುಂಟು. ಆ ಸೊಂಡಿಲಿನ ಮೇಲ್ಭಾಗವೇ ನಮ್ಮ ಸೀಮೆ. ಉತ್ತರದಿಂದ ದಕ್ಷಿಣಕ್ಕೆ ನೂರಮೂವತ್ತು ಮೈಲಿಗೆ ಕಡಮೆಯಿಲ್ಲದ ಉದ್ದ. ಅಗಲವೆಂದರೆ ಒಂದು ಕಡೆಯಲ್ಲಿ ಕಡಲಿನ ಅಂಚಿಗೂ ಬರ್ಮಾದ ಗಡಿಗೂ ನಡುವೆ ಏಳು ಮೈಲಿ ಕೂಡ ಇಲ್ಲ. ದೇಶದ ಬಹು ಕಿರಿದಾದ ಜಾಗಗಳಲ್ಲಿ ಒಂದು ಅದು. ಪೂರ್ವಕ್ಕೆ ಸಯಾಂ ಕೊಲ್ಲಿ, ಪಶ್ಚಿಮಕ್ಕೆ ತನಾಸರಿಯ ಬೆಟ್ಟಗಳು, ನಡುವೆ ಒಂದು ರಸ್ತೆ, ಒಂದು ರೈಲುದಾರಿ, ತೆಂಗು, ಅನಾನಸು. ಬೆಟ್ಟದ ಆ ಮಗ್ಗುಲಿಗೆ ಬಂಗಾಳ ಕೊಲ್ಲಿಯ ನೀರು. ಇಷ್ಟು ಹತ್ತಿರ ಎರಡು ಸಮುದ್ರಗಳು ಇದ್ದಮೇಲೆ ವ್ಯಾಪಾರಿಗಳು ಸುಮ್ಮನಿದ್ದಾರೆಯೆ? ಮಲಾಕ್ಕದ ಜಲಸಂಧಿಯನ್ನು ಸುತ್ತಿಕೊಂಡು ಹೋಗುವ ಪ್ರಯಾಸವನ್ನು ತಪ್ಪಿಸಲು ಹದಿನೇಳನೆಯ ಶತಮಾನದಲ್ಲಿ ಮಚಲೀಪಟ್ಟಣದ ಹಡಗುಗಳು ಮೆರ್ಗುಯಿ ಬಂದರಿಗೆ ಹೋಗಿ ಸರಕನ್ನು ಇಳಿಸುತ್ತಿದ್ದವು. ಅಲ್ಲಿಂದ ಹೊಳೆಯಲ್ಲಿ ಮೇಲಕ್ಕೆ ಸಾಗಿ, ಬೆಟ್ಟದ ಕಣಿವೆಗಳನ್ನು ದಾಟಿ ಈ ಸೀಮೆಯ ಕಡಲಿಗೆ ಇಳಿದು, ಉತ್ತರದ ಅಯೋಧ್ಯಾನಗರಿಗೆ, ಅವರ ಬಾಯಲ್ಲಿ ‘ಅಯುತ್ಥಯಾ’ಕ್ಕೆ, ಬಟ್ಟೆಗಳು ಮುಟ್ಟುತ್ತಿದ್ದವು. ಕುಯಿ, ಪ್ರಾನ್ ಎಂಬ ಊರುಗಳು ಆ ದಾರಿಯ ತಂಗುದಾಣಗಳು. ಇಂದಿನ ಪ್ರವಾಸಿಗಳು ಅವುಗಳನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ.

ಬ್ಯಾಂಕಾಕಿನಿಂದ ಪ್ರಚುವಾಪ್ ಪಟ್ಟಣಕ್ಕೆ ಸುಮಾರು ನೂರಎಪ್ಪತ್ತೈದು ಮೈಲಿ. ಬಸ್ಸೂ ಉಂಟು, ರೈಲೂ ಉಂಟು. ನಾವು ರೈಲನ್ನೇ ಸೂಚಿಸುತ್ತೇವೆ; ಏಕೆಂದರೆ ಈ ಸೀಮೆಯನ್ನು ಹೊರಗಿನವರಿಗೆ ತೋರಿಸಿಕೊಟ್ಟದ್ದೇ ರೈಲು. ೧೯೧೧ರಲ್ಲಿ ದಕ್ಷಿಣದ ದಾರಿ ಹುವಾ ಹಿನ್ ಎಂಬ ಬೆಸ್ತರ ಹಳ್ಳಿಯನ್ನು ಮುಟ್ಟಿತು. ‘ಕಲ್ಲುತಲೆ’ ಎಂದು ಆ ಹೆಸರಿನ ಅರ್ಥ. ಅಲ್ಲಿಯ ಮರಳಿನ ತುದಿಯಲ್ಲಿ ಬಂಡೆಗಳಿವೆ. ರಾಜಮನೆತನದವರು ಬೇಸಗೆಯ ಮನೆಗಳನ್ನು ಕಟ್ಟಿಸಿಕೊಂಡರು. ೧೯೨೩ರಲ್ಲಿ ರೈಲ್ವೆಯವರೇ ಒಂದು ಹೋಟಲನ್ನು ತೆರೆದರು. ಮಾರನೆಯ ವರ್ಷ ಗಾಲ್ಫ್ ಮೈದಾನ ಸಿದ್ಧವಾಯಿತು. ಕೆಂಪು, ಕೆನೆಯ ಬಣ್ಣಗಳನ್ನು ಬಳಿದ ಹಳೆಯ ಮರದ ಸ್ಟೇಷನ್ನು ಈಗಲೂ ನಿಂತಿದೆ. ೨೦೨೩ರ ಕೊನೆಯಿಂದ ಬಂಡಿಗಳು ಪಕ್ಕದ ಎತ್ತರದ ಹೊಸ ನಿಲ್ದಾಣದಲ್ಲಿ ನಿಲ್ಲುತ್ತವೆ. ಹಳೆಯದನ್ನು ನೋಟಕ್ಕಾಗಿ ಕಾಪಾಡಿದ್ದಾರೆ.

ಹುವಾ ಹಿನ್ನಿನಲ್ಲಿ ದೊರೆ ಪ್ರಜಾಧಿಪಕರು ತಮ್ಮ ರಾಣಿಗಾಗಿ ಕಡಲ ಮುಂದೆ ಒಂದು ಅರಮನೆಯನ್ನು ಕಟ್ಟಿಸಿ ‘ಕ್ಲೈ ಕಂಗ್‌ವನ್’ ಎಂದು ಹೆಸರಿಟ್ಟರು. ಚಿಂತೆಗೆ ದೂರವಾದುದು ಎಂದು ಅದರ ಅರ್ಥ. ೧೯೩೨ನೆಯ ಇಸವಿ ಜೂನ್ ೨೪ರಂದು ಬ್ಯಾಂಕಾಕಿನಲ್ಲಿ ಅಧಿಕಾರಿಗಳ ಗುಂಪೊಂದು ದೊರೆಯ ಅನಿಯಂತ್ರಿತ ಪ್ರಭುತ್ವವನ್ನು ಕೊನೆಗಾಣಿಸಿದಾಗ ಆ ಸುದ್ದಿ ಬಂದು ಮುಟ್ಟಿದ್ದು ಇದೇ ಮನೆಗೆ. ಪ್ರಜಾಧಿಪಕರು ರಾಜ್ಯಾಂಗಕ್ಕೆ ಒಪ್ಪಿದರು. ಮೂರು ವರ್ಷ ಕಳೆಯುವುದರೊಳಗೆ ಸಿಂಹಾಸನವನ್ನೇ ಬಿಟ್ಟರು. ಹೆಸರಿಡುವಾಗ ಅರಸರೂ ಸ್ವಲ್ಪ ಎಚ್ಚರಿಕೆಯಿಂದಿರಬೇಕೆಂದು ಕಾಣುತ್ತದೆ. ಉಳಿದಂತೆ ಹುವಾ ಹಿನ್ ಈಗ ಜನಜಂಗುಳಿಯ ಊರು: ಎತ್ತರದ ಕಟ್ಟಡಗಳು, ರಾತ್ರಿಯ ಸಂತೆ, ಮರಳಿನ ಮೇಲೆ ಬಾಡಿಗೆಯ ಕುದುರೆಗಳು. ಬಂದವರಲ್ಲಿ ಬಹುಮಂದಿ ಇಲ್ಲಿಯೇ ಉಳಿದು ಹಿಂದಿರುಗುತ್ತಾರೆ. ಅದು ದೊಡ್ಡ ನಷ್ಟವೆಂದು ನಮ್ಮ ಅಭಿಪ್ರಾಯ. ಈ ಸೀಮೆಯ ಸಾರವೆಲ್ಲ ಇರುವುದು ಅಲ್ಲಿಂದ ದಕ್ಷಿಣಕ್ಕೆ.

ಹುವಾ ಹಿನ್ನನ್ನು ದಾಟಿ ಕೆಲವು ಹರದಾರಿ ಹೋದರೆ ನೀರಿನಿಂದಲೇ ಎದ್ದು ನಿಂತಂತಿರುವ ಸುಣ್ಣಕಲ್ಲಿನ ಬೆಟ್ಟಗಳು ಕಾಣುತ್ತವೆ. ಇವುಗಳಿಗೆ ಸಾಮ್ ರೋಯ್ ಯೋಟ್, ಮುನ್ನೂರು ಶಿಖರ, ಎಂದು ಹೆಸರು. ಒಂದು ಹಡಗು ಒಡೆದಾಗ ಮುನ್ನೂರು ಮಂದಿ ಈ ದಡವನ್ನು ಸೇರಿ ಬದುಕಿದರೆಂದೂ, ‘ಮುನ್ನೂರು ಉಳಿದರು’ ಎಂಬ ಮಾತೇ ಮುಂದೆ ‘ಮುನ್ನೂರು ಶಿಖರ’ವಾಯಿತೆಂದೂ ಊರವರು ಕಥೆ ಹೇಳುತ್ತಾರೆ. ೧೯೬೬ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಯ್ದಿರಿಸಿದರು; ಕಡಲತಡಿಯಲ್ಲಿ ಆ ದೇಶದವರು ಸ್ಥಾಪಿಸಿದ ಮೊದಲನೆಯ ಉದ್ಯಾನವಿದು. ಬೆಟ್ಟದೊಳಗೆ ಫ್ರಯಾ ನಖೋನ್ ಎಂಬ ಗುಹೆ ಇದೆ. ಒಂದು ಗುಡ್ಡವನ್ನು ಹತ್ತಿ ಇಳಿದೋ, ದೋಣಿಯಲ್ಲಿ ಮೂಲೆಯನ್ನು ಸುತ್ತಿಯೋ ಒಂದು ಪುಟ್ಟ ಮರಳದಂಡೆಯನ್ನು ಸೇರಿ, ಅಲ್ಲಿಂದ ಕಡಿದಾದ ಕಲ್ಲುದಾರಿಯನ್ನು ಏರಬೇಕು. ಏರಿದವರ ಶ್ರಮ ವ್ಯರ್ಥವಾಗುವುದಿಲ್ಲ. ಗುಹೆಯ ಮೇಲ್ಛಾವಣಿ ಎಂದೋ ಕುಸಿದು ಆಕಾಶಕ್ಕೆ ತೆರೆದುಕೊಂಡಿದೆ. ಆ ಕಂಡಿಯಿಂದ ಬಿದ್ದ ಬೆಳಕಿನಲ್ಲಿ ಒಳಗೆ ಮರಗಳು ಬೆಳೆದಿವೆ. ಮರಗಳ ನಡುವೆ ನಾಲ್ಕು ಮೊಗದ ಒಂದು ಮಂಟಪ ನಿಂತಿದೆ. ೧೮೯೦ರಲ್ಲಿ ದೊರೆ ಚೂಡಾಲಂಕರಣರ ಭೇಟಿಗಾಗಿ ಇದನ್ನು ಬ್ಯಾಂಕಾಕಿನಲ್ಲಿ ಮಾಡಿಸಿ, ಇಲ್ಲಿಗೆ ಹೊತ್ತು ತಂದು ಜೋಡಿಸಿದರು. ಅದರ ಹೆಸರಿನಲ್ಲಿಯೂ ನಮ್ಮ ಗುಹೆ, ಗೃಹಗಳೆರಡೂ ಸೇರಿವೆ. ಬೆಳಗಿನ ಹತ್ತೂವರೆ ಹನ್ನೊಂದು ಗಂಟೆಯ ಸುಮಾರಿಗೆ ಬಿಸಿಲಿನ ಕೋಲು ನೇರವಾಗಿ ಮಂಟಪದ ಮೇಲೆ ಇಳಿಯುತ್ತದೆ. ಹೊತ್ತು ಮೀರಿ ಹೋದವರಿಗೆ ಮಂಟಪ ಕಾಣುತ್ತದೆ, ಆ ಬೆಳಕು ಕಾಣುವುದಿಲ್ಲ.

ಈ ಬೆಟ್ಟಗಳ ಹಿಂಬದಿಗೆ ಜೊಂಡು, ತಾವರೆಗಳು ತುಂಬಿದ ವಿಸ್ತಾರವಾದ ಜೌಗುನೆಲವಿದೆ. ಹಕ್ಕಿಗಳಿಗೆ ಅದು ತವರು. ೧೯೮೦ರ ದಶಕದ ಕೊನೆಯ ವೇಳೆಗೆ ಸಿಗಡಿ ಸಾಕಣೆಯ ಲಾಭದ ಆಸೆ ಈ ಕಡೆಗೂ ಬಂದು, ಉದ್ಯಾನದ ಅಂಚಿನೊಳಗೇ ಹೊಂಡಗಳನ್ನು ತೋಡಿದರು. ಕೆಲವು ವರ್ಷಗಳಲ್ಲಿ ನೀರು ಕೆಟ್ಟು, ಸಿಗಡಿಗೆ ರೋಗ ಹತ್ತಿ, ಬಹಳ ಹೊಂಡಗಳು ಪಾಳುಬಿದ್ದವು. ತೋಡಿದವರಿಗೂ ಇಲ್ಲ, ಹಕ್ಕಿಗಳಿಗೂ ಇಲ್ಲ ಎಂಬಂತಾಯಿತು. ೨೦೦೮ರಲ್ಲಿ ಜೌಗನ್ನು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ. ದೋಣಿಯಲ್ಲಿ ಕುಳಿತು ಜೊಂಡಿನ ನಡುವೆ ಹೋಗುವಾಗ ಅತ್ತ ಕಡೆಯ ಬರಿಯ ಹೊಂಡಗಳನ್ನೂ ಒಮ್ಮೆ ನೋಡಬೇಕು.

ಪ್ರಚುವಾಪ್ ಪಟ್ಟಣ ಚಿಕ್ಕದು, ಅಚ್ಚುಕಟ್ಟಾದುದು. ಅರ್ಧಚಂದ್ರದಂತೆ ಬಾಗಿದ ಕೊಲ್ಲಿಯ ಎರಡು ತುದಿಗಳಲ್ಲಿಯೂ ಗುಡ್ಡಗಳಿವೆ. ಉತ್ತರದ ಗುಡ್ಡದ ಹೆಸರು ಕನ್ನಡಿಗುಡ್ಡ. ಬಂಡೆಯಲ್ಲಿ ತಾನಾಗಿ ಆದ ಕಂಡಿಯಲ್ಲಿ ಆಚೆಯ ಆಕಾಶ ಕನ್ನಡಿಯಂತೆ ಹೊಳೆಯುವುದರಿಂದ ಹಾಗೆ ಕರೆಯುತ್ತಾರೆ. ಮುನ್ನೂರತೊಂಬತ್ತಾರು ಮೆಟ್ಟಲು. ಕೋತಿಗಳ ಉಪದ್ರವ ಹೇಳತೀರದು. ಚಾಮುಂಡಿಬೆಟ್ಟದ ಕೋತಿಗಳನ್ನು ಬಲ್ಲವರಿಗೆ ವಿವರಿಸಬೇಕಾದುದೂ ಇಲ್ಲ. ರಾತ್ರಿಯಾದರೆ ಕಡಲಿನ ದಿಗಂತದಲ್ಲಿ ಹಸುರು ದೀಪಗಳ ಸಾಲು ಕಾಣುತ್ತದೆ. ಬೆಳಕಿಗೆ ಮುತ್ತುವ ಒಂದು ಬಗೆಯ ಮೃದುಕಾಯದ ಜಲಚರವನ್ನು, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವುದನ್ನು, ಹಿಡಿಯುವ ದೋಣಿಗಳು ಅವು.

ದಕ್ಷಿಣದ ಗುಡ್ಡದ ಆಚೆಗೆ ಆವ್ ಮನಾವ್, ನಿಂಬೆಕೊಲ್ಲಿ. ಅದಿರುವುದು ವಾಯುಸೇನೆಯ ನೆಲೆಯೊಳಗೆ. ಸ್ನಾನಕ್ಕೆ ಹೋಗುವವರು ವಿಮಾನದ ಓಟದ ಹಾದಿಯನ್ನೇ ಅಡ್ಡ ದಾಟಬೇಕು. ೧೯೪೧ನೆಯ ಇಸವಿ ಡಿಸೆಂಬರ್ ೮ರ ಬೆಳಗಿನ ಜಾವ ಜಪಾನೀಯರು ಇಲ್ಲಿ ಇಳಿದರು. ನೆಲೆಯಲ್ಲಿದ್ದ ಸಣ್ಣ ದಂಡು ಎದುರಿಸಿ ನಿಂತಿತು. ಬ್ಯಾಂಕಾಕಿನ ಸರಕಾರ ಆ ದಿನವೇ ಕಾದಾಟವನ್ನು ನಿಲ್ಲಿಸಿರೆಂದು ಅಪ್ಪಣೆ ಮಾಡಿದ್ದರೂ ತಂತಿಯ ಕಚೇರಿ ಶತ್ರುಗಳ ವಶವಾಗಿದ್ದುದರಿಂದ ಆ ಮಾತು ಇಲ್ಲಿಯವರಿಗೆ ಮುಟ್ಟಲಿಲ್ಲ. ಮಾರನೆಯ ದಿನದವರೆಗೂ ಅವರು ಹೋರಾಡಿದರು. ರಾಜಧಾನಿಯಲ್ಲಿ ಮುಗಿದುಹೋದ ಯುದ್ಧದಲ್ಲಿ ಇಲ್ಲಿ ಮನುಷ್ಯರು ಸಾಯುತ್ತಿದ್ದರು. ಸ್ಮಾರಕವೂ ಒಂದು ವಸ್ತುಸಂಗ್ರಹಾಲಯವೂ ಅಲ್ಲಿವೆ. ಪಕ್ಕದ ಗುಡ್ಡದಲ್ಲಿ ಕಣ್ಣಿನ ಸುತ್ತ ಬಿಳಿಯ ಕನ್ನಡಕ ಬರೆದಂತಿರುವ, ಬಹು ಸಾಧುವಾದ ಮುಸುವಗಳಿವೆ.

ಇಷ್ಟೆಲ್ಲ ಇದ್ದರೂ, ಒಂದೇ ದಿನವನ್ನು ಕೈಯಲ್ಲಿಟ್ಟುಕೊಂಡು ಬಂದವರು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ನಾವು ವಾ ಕೋ ಎಂದೇ ಹೇಳುತ್ತೇವೆ. ಪಟ್ಟಣದಿಂದ ದಕ್ಷಿಣಕ್ಕೆ ಏಳೆಂಟು ಮೈಲಿ ದೂರದ ಸಾಧಾರಣವಾದ ಕಡಲಂಚು ಅದು. ಅಲ್ಲಿ ೧೮೬೮ನೆಯ ಇಸವಿ ಆಗಸ್ಟ್ ೧೮ರಂದು ನಡೆದ ಸಂಗತಿಗೂ ನಮ್ಮ ಕನ್ನಡನಾಡಿಗೂ ಆಕಾಶದ ಮೂಲಕ ಒಂದು ನಂಟು ಉಂಟು.

ಆ ದಿನದ ಸಂಪೂರ್ಣ ಸೂರ್ಯಗ್ರಹಣ ಅಸಾಧಾರಣವಾದುದಾಗಿದ್ದಿತು. ಚಂದ್ರನು ಭೂಮಿಗೆ ತೀರ ಸಮೀಪದಲ್ಲಿದ್ದು ಅವನ ಬಿಂಬ ದೊಡ್ಡದಾಗಿ ಕಾಣುತ್ತಿದ್ದುದರಿಂದ, ಸೂರ್ಯನು ಪೂರ್ತಿ ಮರೆಯಾಗಿರುವ ಕಾಲ ಒಂದೆಡೆ ಆರು ನಿಮಿಷ ಮುಕ್ಕಾಲರವರೆಗೂ ಬರುತ್ತಿತ್ತು. ಚಂದ್ರನ ನೆರಳು ಏಡನ್ನಿನ ಕಡೆಯಿಂದ ಬಂದು, ನಮ್ಮ ದೇಶವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿ, ಸಯಾಮಿನ ಸೊಂಡಿಲಿನ ಮೇಲೆ ಹಾದು ಬೋರ್ನಿಯೋದತ್ತ ಹೋಯಿತು. ಆ ಬೆಳಗ್ಗೆ ವಿಜಾಪುರವೂ ಜಮಖಂಡಿಯೂ ಕತ್ತಲಲ್ಲಿ ಮುಳುಗಿದವು. ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬಾತ, ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷಲ್ಲನ ಮೊಮ್ಮಗ, ವರ್ಣಪಟದರ್ಶಕವನ್ನು ಹೂಡಿಕೊಂಡು ಮೋಡಗಳ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದನು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ನೋಡಿದನು. ಆ ಜ್ವಾಲೆಗಳು ಕಾದು ಉರಿಯುವ ಅನಿಲಗಳೆಂಬುದು ಅಂದು ನಿಶ್ಚಯವಾಯಿತು. ಅವುಗಳ ಬೆಳಕಿನಲ್ಲಿ ಕಂಡ ಒಂದು ಹಳದಿಯ ಗೆರೆ ಭೂಮಿಯ ಮೇಲೆ ಆವರೆಗೆ ಯಾರೂ ಅರಿಯದಿದ್ದ ಹೀಲಿಯಂ ಎಂಬ ಮೂಲವಸ್ತುವಿನದೆಂದು ಮುಂದೆ ತಿಳಿಯಿತು. ಜಮಖಂಡಿಯನ್ನು ಕಪ್ಪಾಗಿಸಿದ ನೆರಳೇ ಬಂಗಾಳ ಕೊಲ್ಲಿಯನ್ನು ಹಾರಿ ವಾ ಕೋ ಕಡೆಗೆ ಓಡಿತು. ಅಲ್ಲಿ ಅದನ್ನು ಕಾಯುತ್ತ ನಿಂತಿದ್ದವರು ಸ್ವತಃ ಸಯಾಮಿನ ದೊರೆ.

ಮೊಂಗ್‌ಕುಟ್ ದೊರೆಗಳು ಪಟ್ಟಕ್ಕೆ ಬರುವ ಮುಂಚೆ ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದವರು. ಆ ಅವಧಿಯಲ್ಲಿ ಪಾಳಿಯೊಡನೆ ಲ್ಯಾಟಿನ್ನನ್ನೂ ಇಂಗ್ಲಿಷನ್ನೂ ಕಲಿತರು. ಜ್ಯೋತಿಷದ ಗಣಿತದಲ್ಲಿ ಅಪಾರವಾದ ಆಸಕ್ತಿಯನ್ನು ಬೆಳೆಸಿಕೊಂಡರು. ಸಯಾಮಿನ ಪಂಚಾಂಗಗಣಿತ ನಮ್ಮ ಸೂರ್ಯಸಿದ್ಧಾಂತದ ವಂಶದ್ದು. ಅಲ್ಲಿ ಅದನ್ನು ಸುರಿಯಯಾತ್ ಎನ್ನುತ್ತಾರೆ. ಅರಮನೆಯ ಜೋಯಿಸರಿಗೆ ‘ಹೋನ್’ ಎಂದು ಹೆಸರು, ನಮ್ಮ ‘ಹೋರಾ’ ಶಬ್ದವೇ ಸವೆದು ಹಾಗಾಗಿದೆ. ಗ್ರಹಣವಾಗುವ ದಿನವನ್ನು ಆ ಹಳೆಯ ಗಣಿತದಿಂದ ತಿಳಿಯಬಹುದು. ಆದರೆ ಸಂಪೂರ್ಣ ಗ್ರಹಣದ ನೆರಳು ಇಷ್ಟು ದೊಡ್ಡ ಭೂಮಿಯ ಮೇಲೆ ಒಂದು ಕಿರಿದಾದ ಪಟ್ಟಿಯಾಗಿ ಬೀಳುತ್ತದೆ. ಆ ಪಟ್ಟಿಯ ನಡುಗೆರೆ ಯಾವ ಊರಿನ ಮೇಲೆ ಹಾಯುವುದು, ಕತ್ತಲೆ ಎಷ್ಟು ಹೊತ್ತು ನಿಲ್ಲುವುದು ಎಂಬುದನ್ನು ಹೇಳಬೇಕಾದರೆ ಅಕ್ಷಾಂಶ ರೇಖಾಂಶಗಳೂ ಸೂಕ್ಷ್ಮವಾದ ಕೋಷ್ಟಕಗಳೂ ಬೇಕು. ದೊರೆಗಳು ಎರಡು ಪದ್ಧತಿಗಳನ್ನೂ ಬಳಸಿ ಲೆಕ್ಕಹಾಕಿ, ಬ್ಯಾಂಕಾಕಿನಲ್ಲಿ ಗ್ರಹಣ ಪೂರ್ಣವಾಗುವುದಿಲ್ಲ, ವಾ ಕೋ ಬಳಿಯಲ್ಲಿ ಆಗುತ್ತದೆ ಎಂದು ಮುಂಚಿತವಾಗಿಯೇ ಸಾರಿದರು. ರಾಹು ಸೂರ್ಯನನ್ನು ನುಂಗುತ್ತಾನೆಂದು ಡೋಲು ಬಡಿದು ಬಂದೂಕು ಹಾರಿಸುವ ವಾಡಿಕೆಯ ನಾಡಿನಲ್ಲಿ ದೊರೆಯೇ ಹೀಗೆ ಸಾರಿದುದು ಸಣ್ಣ ಮಾತಲ್ಲ. ಲೆಕ್ಕ ತಪ್ಪಿದ್ದರೆ ನಗುವುದಕ್ಕೆ ಒಳಗಿನ ಜೋಯಿಸರೂ ಇದ್ದರು, ಹೊರಗಿನ ಪರಂಗಿಯವರೂ ಇದ್ದರು.

ಹೊರಗಿನವರ ಮಾತೇ ಹೆಚ್ಚಿನದು. ಆ ವೇಳೆಗೆ ಬರ್ಮಾದ ಕರಾವಳಿಯೆಲ್ಲ ಇಂಗ್ಲಿಷರ ಕೈಸೇರಿದ್ದಿತು. ೧೮೬೩ರಲ್ಲಿ ಕಾಂಬೋಡಿಯ ಫ್ರೆಂಚರ ಆಶ್ರಯಕ್ಕೆ ಹೋಗಿದ್ದಿತು. ನಡುವೆ ಉಳಿದ ಸಯಾಮನ್ನು ಅನಾಗರಿಕರ ರಾಜ್ಯವೆಂದು ಹೇಳಿಬಿಟ್ಟರೆ ನುಂಗುವುದಕ್ಕೆ ಅದೇ ನೆಪವಾಗುತ್ತಿತ್ತು. ದೊರೆಗಳು ಎರಡು ಕಡೆಯವರನ್ನೂ ಗ್ರಹಣಕ್ಕೆ ಆಮಂತ್ರಿಸಿದರು. ಸಿಂಗಪುರದಿಂದ ಗವರ್ನರ್ ಸರ್ ಹ್ಯಾರಿ ಆರ್ಡ್ ಬಂದನು. ಫ್ರಾನ್ಸಿನಿಂದ ಸ್ಟೆಫಾನ್, ರಾಯೆ, ಟಿಸರಾಂಡ್ ಎಂಬ ಖಗೋಳಜ್ಞರು ದೂರದರ್ಶಕಗಳೊಡನೆ ಬಂದರು. ಕಾಡನ್ನು ಕಡಿದು ಬಿಡಾರಗಳು ಎದ್ದವು. ಅತಿಥಿಗಳಿಗೆಂದು ಫ್ರೆಂಚ್ ಅಡಿಗೆಯವನೂ ಮಂಜುಗಡ್ಡೆಯೂ ಆ ಕಾಡಿಗೆ ಬಂದವು. ಆ ಬೆಳಗ್ಗೆ ಮೋಡ ಕವಿದು ಎಲ್ಲರೂ ನಿರಾಶರಾಗುವಂತಾಯಿತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಮೋಡ ಸರಿಯಿತು. ದೊರೆಗಳು ಹೇಳಿದ್ದ ಹೊತ್ತಿಗೆ ಹಗಲು ಆರಿ ನಕ್ಷತ್ರಗಳು ಮೂಡಿದವು.

ಲೆಕ್ಕ ಗೆದ್ದಿತು, ಅದಕ್ಕೆ ತೆತ್ತ ಬೆಲೆ ಮಾತ್ರ ಹೆಚ್ಚಿನದು. ವಾ ಕೋ ಕಾಡು ಚಳಿಜ್ವರದ ಮನೆ. ದೊರೆಗಳಿಗೂ, ಜೊತೆಯಲ್ಲಿದ್ದ ಯುವರಾಜ ಚೂಡಾಲಂಕರಣರಿಗೂ ಜ್ವರ ಹತ್ತಿತು. ಈ ಜ್ವರವನ್ನು ಹರಡುವುದು ಸೊಳ್ಳೆಯೆಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟದ್ದು ೧೮೯೭ರಲ್ಲಿ. ಅದಕ್ಕೆ ಇನ್ನೂ ಇಪ್ಪತ್ತೊಂಬತ್ತು ವರ್ಷಗಳಿದ್ದವು. ನಕ್ಷತ್ರಗಳ ನಡೆಯನ್ನು ಲೆಕ್ಕಕ್ಕೆ ತಂದವರಿಗೆ ಬಿಡಾರದೊಳಗಿನ ಸೊಳ್ಳೆಯ ಲೆಕ್ಕ ತಿಳಿಯುವ ಕಾಲ ಬಂದಿರಲಿಲ್ಲ. ೧೮೬೮ನೆಯ ಅಕ್ಟೋಬರ್ ೧ರಂದು, ಗ್ರಹಣವಾದ ಆರು ವಾರಗಳಲ್ಲಿ, ಮೊಂಗ್‌ಕುಟ್ ದೊರೆಗಳು ತೀರಿಕೊಂಡರು. ಆಗ ತಾನೆ ಹದಿನೈದು ತುಂಬಿದ್ದ ಯುವರಾಜರು ಉಳಿದುಕೊಂಡು, ೧೯೧೦ರವರೆಗೆ ಆಳಿ, ಗುಲಾಮಗಿರಿಯನ್ನು ತೊಡೆದುಹಾಕಿ, ರೈಲು ತಂತಿಗಳನ್ನು ತಂದು, ದೇಶವನ್ನು ಪರರ ವಶಕ್ಕೆ ಹೋಗದಂತೆ ಕಾಪಾಡಿದರು. ಆ ಜ್ವರ ಸ್ವಲ್ಪ ಬಿಗಿದಿದ್ದರೆ ಆಗ್ನೇಯ ಏಷ್ಯದ ಭೂಪಟ ಬೇರೆಯಾಗಿರುತ್ತಿದ್ದಿತೋ ಏನೋ. ೧೯೮೨ರಿಂದ ಆಗಸ್ಟ್ ೧೮ನ್ನು ಆ ದೇಶದವರು ವಿಜ್ಞಾನ ದಿನವೆಂದು ಆಚರಿಸುತ್ತಾರೆ. ವಾ ಕೋದಲ್ಲಿ ಈಗ ದೊರೆಗಳ ಹೆಸರಿನ ವಿಜ್ಞಾನೋದ್ಯಾನವಿದೆ, ಅವರ ಪ್ರತಿಮೆಯಿದೆ, ನೀರಿನ ಕೆಳಗೆ ನಡೆದಂತೆ ತೋರುವ ಗಾಜಿನ ಸುರಂಗವುಳ್ಳ ಮತ್ಸ್ಯಾಲಯವಿದೆ. ಶಾಲೆಯ ಮಕ್ಕಳು ಮೀನುಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ, ಗ್ರಹಣದ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು. ಅದು ಎಲ್ಲ ದೇಶದ ಮಕ್ಕಳ ಪದ್ಧತಿ.

ಕಡಲನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಅನಾನಸಿನ ಹೊಲಗಳು. ದೇಶದಲ್ಲಿ ಅನಾನಸಿಗೆ ಹೆಸರಾದ ಸೀಮೆ ಇದೇ. ಹೊಲಗಳು ಕಾಡಿನ ಅಂಚಿಗೆ ಒತ್ತಿದಂತೆ ಆನೆಗಳು ಹಣ್ಣಿನ ರುಚಿ ಹತ್ತಿ ಇಳಿದುಬಂದವು; ೧೯೯೦ರ ದಶಕದಲ್ಲಿ ರೊಚ್ಚಿಗೆದ್ದ ಬೇಸಾಯಗಾರರ ಕೈಯಲ್ಲಿ ಆನೆಗಳು ಸತ್ತವು. ಕೊಡಗು ಹಾಸನಗಳ ತೋಟದವರಿಗೆ ಇದು ಹೊಸ ಕಥೆಯಲ್ಲ. ಆಗ ದೊರೆಯಾಗಿದ್ದ ಭೂಮಿಬಲರು, ಆನೆಗೆ ಬೇಕಾದ ಮೇವು ನೀರುಗಳನ್ನು ಕಾಡಿನೊಳಗೇ ಒದಗಿಸಬೇಕೆಂದು ಏರ್ಪಡಿಸಿದರು. ೧೯೯೯ರಲ್ಲಿ ಕುಯಿ ಬುರಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಸುತ್ತಲಿನ ಹಳ್ಳಿಗರೇ ಮಧ್ಯಾಹ್ನದ ಮೇಲೆ ತೆರೆದ ಬಂಡಿಗಳಲ್ಲಿ ಪ್ರವಾಸಿಗಳನ್ನು ಕರೆದೊಯ್ದು ಹುಲ್ಲುಗಾವಲಿನಲ್ಲಿ ಆನೆಗಳನ್ನೂ ಕಾಟಿಗಳನ್ನೂ ತೋರಿಸಿ ಕೂಲಿ ಪಡೆಯುತ್ತಾರೆ. ಹೊಲದ ಜಗಳ ಪೂರ್ತಿ ನಿಂತಿದೆ ಎಂದಲ್ಲ. ಆನೆಯಿಂದ ನಷ್ಟ ಮಾತ್ರವಲ್ಲದೆ ಸಂಪಾದನೆಯೂ ಉಂಟೆಂದು ತೋರಿದೆ.

ಹೋಗುವವರಿಗೆ ಎರಡು ಮಾತು. ಈ ದಡದಲ್ಲಿ ಮಳೆಯ ಜೋರು ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ; ಡಿಸೆಂಬರಿನಿಂದ ಮಾರ್ಚಿನವರೆಗೆ ಹೊರಡುವುದು ಒಳ್ಳೆಯದು. ಊಟದ ವಿಷಯದಲ್ಲಿ ನಮ್ಮ ಶಾಕಾಹಾರಿಗಳು ಎಚ್ಚರವಾಗಿರಬೇಕು. ಸೊಪ್ಪಿನ ಪಲ್ಯಕ್ಕೂ ಮೀನಿನ ರಸವನ್ನು ಉಪ್ಪಿನಂತೆ ಹಾಕುವ ನಾಡು ಅದು. ‘ಮಂಗ್ಸವಿರತ್’ ಎಂಬ ಮಾತನ್ನು ನೆನಪಿಟ್ಟುಕೊಂಡರೆ ಸಾಕು. ನಮ್ಮ ಮಾಂಸವಿರತಿಯೇ ಅಲ್ಲಿ ಹಾಗಾಗಿದೆ. ಹಳದಿಯ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಸಿಕ್ಕಿದರೆ ಇನ್ನೂ ನಿಶ್ಚಿಂತೆ. ಅಲ್ಲಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಸೀಮೆಯ ದಕ್ಷಿಣದ ತುದಿಗೆ ತೆಂಗಿನ ತೋಟಗಳ ಥಪ್ ಸಕೆ, ಗುಡ್ಡದ ಮೇಲೆ ಒಂಬತ್ತು ಶಿಖರಗಳ ಚೈತ್ಯವಿರುವ ಬಾನ್ ಕ್ರುಟ್, ಕೊನೆಗೆ ಬಾಂಗ್ ಸಫಾನ್. ಈ ಬಾಂಗ್ ಸಫಾನಿನ ಚಿನ್ನ ಅಯುತ್ಥಯಾದ ಅರಸರ ಕಾಲದಿಂದ ಹೆಸರಾದುದು. ಅದಕ್ಕೆ ‘ನೊಪ್ಪಖುನ್’, ನವಗುಣ, ಎಂದು ಬಿರುದು. ಕೋಲಾರದಂತೆ ಪಾತಾಳಕ್ಕೆ ಇಳಿದು ತೆಗೆಯುವ ಚಿನ್ನವಲ್ಲ. ಹೊಳೆಯ ಮರಳಿನಲ್ಲಿ ಸಿಕ್ಕುವ ಕಣಗಳು. ರೋನ್ ಥೋಂಗ್ ಎಂಬ ಹಳ್ಳಿಗಾಡಿನಲ್ಲಿ ಊರವರು ಮರದ ಅಗಲವಾದ ಮರಿಗೆಗಳನ್ನು ನೀರಿನಲ್ಲಿ ಆಡಿಸುತ್ತ ಈಗಲೂ ಜಾಲಾಡುವುದುಂಟು. ಆ ಊರಿನ ಹೆಸರಿನ ಅರ್ಥವೇ ಚಿನ್ನವನ್ನು ಜಾಲಿಸುವುದು ಎಂದು.